ಹದಿಮೂರು ಅಂಗುಲ

ಮೂರನೆಯ ಸಲ ಅಳೆದಾಗಲೂ ಟೇಪು ಅದನ್ನೇ ಹೇಳಿತು. ಕ್ಲೈಡ್ ರಾಸ್‌ಬಾಕನ ಮೊಣಕೈ ಮಡಿಕೆಯಿಂದ ಬಂದೂಕಿನ ಕುದುರೆ ಎಳೆಯುವ ಬೆರಳಿನವರೆಗೆ ಹದಿನಾಲ್ಕೂವರೆ ಅಂಗುಲ. ಐನಾರ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಕ್ಲೈಡ್ ತಂದಿದ್ದ ಚೀಟಿಯನ್ನು ಮತ್ತೆ ನೋಡಿದ. ಅದರಲ್ಲಿ ಪೆನ್ಸಿಲಿನಿಂದ ದಪ್ಪಗೆ ಬರೆದಿದ್ದುದು ಹದಿಮೂರು.

"ಹದಿಮೂರರ ಹಿಡಿ ನಿಂಗೆ ಗಿಡ್ಡ ಆಗುತ್ತೆ ಕಣೋ. ಗುಂಡು ಹಾರಿದ ಕೂಡ್ಲೆ ನಿನ್ನ ಹೆಬ್ಬೆರಳೇ ನಿನ್ನ ಮೂಗಿಗೆ ಗುದ್ದುತ್ತೆ."

"ಮೂಗು ನಂದು ತಾನೆ? ಬರೆದಷ್ಟು ಮಾಡು" ಎಂದ ಕ್ಲೈಡ್.

ಬಿಟರ್‌ರೂಟ್ ಕಣಿವೆಯಲ್ಲಿ ಐನಾರ್ ಬಂದೂಕು ಕಟ್ಟಲು ಕೂತು ನಲವತ್ತು ವರ್ಷವಾಗಿತ್ತು. ದರ್ಜಿ ಅಂಗಿ ಹೊಲಿದ ಹಾಗೆ ಅವನು ಒಬ್ಬೊಬ್ಬರ ಮೈ ನೋಡಿ ಬಂದೂಕು ಮಾಡುತ್ತಿದ್ದ. ಬಣ್ಣ ಸಾಲದು, ತೂಕ ಹೆಚ್ಚಾಯಿತು ಎಂದು ತಕರಾರು ಮಾಡಿದವರಿದ್ದರು. ತನ್ನ ತೋಳಿನ ಉದ್ದವನ್ನೇ ತಪ್ಪು ಹೇಳಿದ ಗಿರಾಕಿ ಇವನೊಬ್ಬನೇ. ಅದೂ ಎಂಥವನು? ಮೂವತ್ತು ವರ್ಷ ಹೊರಗಿನವರನ್ನು ಕುದುರೆ ಮೇಲೆ ಬೆಟ್ಟ ಹತ್ತಿಸಿ ಬೇಟೆ ತೋರಿಸಿದವನು. ಈಗ ಎಪ್ಪತ್ತೆಂಟು. ಬೇಕೆಂದದ್ದು ಹಳೆಯ ಕಾಲದ ರೀತಿಯ ಬಂದೂಕು: ಅಕ್ರೋಟ್ ಮರದ ಹಿಡಿ, ಕೊಂಡಿ ಎಳೆದು ಒಂದೊಂದೇ ತೋಟಾ ಏರಿಸುವಂಥದ್ದು, ದುರ್ಬೀನು ಬೇಡ, ಥಳುಕು ಬೇಡ. ಅಕ್ಟೋಬರಿನ ಕಡವೆ ಬೇಟೆಗೆ ಸಿದ್ಧವಿರಬೇಕು.

ಬೇಸಿಗೆಯೆಲ್ಲ ಐನಾರ್ ಅದರ ಮೇಲೆ ಬಗ್ಗಿದ್ದ. ಉಕ್ಕಿಗೆ ದೀಪದ ಕಾಡಿಗೆ ಹಚ್ಚಿ ಮರದ ತೋಡಿನಲ್ಲಿ ಕೂರಿಸುವುದು, ಎತ್ತಿ ನೋಡುವುದು, ಮರದಲ್ಲಿ ಕಪ್ಪು ಅಂಟಿದ ಕಡೆ ಉಳಿಯಿಂದ ಕೂದಲೆಳೆಯಷ್ಟು ಹೆರೆಯುವುದು. ಮತ್ತೆ ಕಾಡಿಗೆ, ಮತ್ತೆ ಉಳಿ. ಹಿಡಿಯ ಹಿಂಬದಿ ಕೊಯ್ಯುವ ದಿನ ಗರಗಸ ಹಿಡಿದುಕೊಂಡು ಬಹಳ ಹೊತ್ತು ನಿಂತ. ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ. ಕೊನೆಗೆ ಗೆರೆ ಎಳೆದು ಹದಿಮೂರಕ್ಕೇ ಕೊಯ್ದ.

ಸೆಪ್ಟೆಂಬರಿನಲ್ಲಿ ಕ್ಲೈಡನ ಮಗಳು ಲೋರ್ನಾ ಬಂದಳು. ಪಕ್ಕದ ಊರಲ್ಲಿ ಶಾಲೆಯ ಬಸ್ಸು ಓಡಿಸುವ, ನಲವತ್ತೈದರ ಹೆಂಗಸು. ಗಂಟಲು ದೊಡ್ಡದು, ಅವತ್ತು ಮಾತ್ರ ಸಣ್ಣ ದನಿಯಲ್ಲಿ ಮಾತಾಡಿದಳು. ಅಪ್ಪನಿಗೆ ಮರೆವು ಶುರುವಾಗಿದೆಯಂತೆ. ಹೋದ ತಿಂಗಳು ಅಂಗಡಿಗೆ ಹೊರಟವನು, ಮುಚ್ಚಿ ಎಷ್ಟೋ ವರ್ಷವಾದ ಮರದ ಮಿಲ್ಲಿನ ಮುಂದೆ ಟ್ರಕ್ಕಿನಲ್ಲಿ ಕೂತಿದ್ದನಂತೆ. ಮನೆಯ ಬಂದೂಕುಗಳನ್ನೆಲ್ಲ ತಾನು ಸಾಗಿಸಿಯಾಯಿತು ಎಂದಳು.

"ಬೇಡ ಅಂತ ಅವರಿಗೆ ಹೇಳೋಕೆ ನನ್ನ ಕೈಲಿ ಆಗಲ್ಲ. ನೀವು ಸುಮ್ನೆ ಮುಗಿಸಬೇಡಿ ಅಷ್ಟೆ. ಹಿಮ ಬೀಳೋ ಹೊತ್ತಿಗೆ ಕೇಳೋದು ಬಿಟ್ಟಿರ್ತಾರೆ."

ಐನಾರ್ ಆಗಲಿ ಎಂದ. ಹಾಗಾದರೆ ಹದಿಮೂರು ಅಂಗುಲವೂ ಮರೆವೇ ಎಂದುಕೊಂಡು, ಒಳ್ಳೆಯ ಮರವನ್ನು ಕೊಯ್ದದ್ದಕ್ಕೆ ಹಲ್ಲು ಕಚ್ಚಿದ.

ಆದರೆ ಅಷ್ಟು ಸಲೀಸಾಗಿ ನಂಬಲು ಕ್ಲೈಡ್ ಬಿಡಲಿಲ್ಲ. ವಾರಕ್ಕೊಮ್ಮೆ ಯಾರದಾದರೂ ಗಾಡಿ ಹತ್ತಿ ಬಂದು ಒಲೆಯ ಪಕ್ಕ ಕೂರುತ್ತಿದ್ದ. ಐನಾರ್ ಮರಕ್ಕೆ ಹಚ್ಚಿದ ಎಣ್ಣೆ ಆರಿಲ್ಲವೆನ್ನುವನು, ಒಂದು ತಿರುಪು ಸಿಕ್ಕಿಲ್ಲವೆನ್ನುವನು. ಕ್ಲೈಡ್ ತಲೆಯಾಡಿಸಿ, ಬೆಟ್ಟದ ಯಾವ ಕಣಿವೆಬಾಯಿಗೆ ಯಾವ ಗಾಳಿಯಲ್ಲಿ ಕಡವೆ ಇಳಿಯುತ್ತದೆಂದು ಹೇಳುವನು. ಅರವತ್ತು ವರ್ಷದ ಹಿಂದಿನ ಕುದುರೆಯ ಹೆಸರು, ಅದರ ಹಣೆಯ ಮಚ್ಚೆ ಕೂಡ ತಪ್ಪುತ್ತಿರಲಿಲ್ಲ. ಇವನಿಗೆಂಥ ಮರೆವು ಎಂದು ಐನಾರ್ ನಾಚಿಕೊಳ್ಳುವಷ್ಟರಲ್ಲಿ, ಸಿಗ್ನೆ ಮನೆಯಲ್ಲಿಲ್ಲವೇ, ಕಾಫಿ ಮಾಡುವವರು ಯಾರೂ ಕಾಣುವುದಿಲ್ಲವಲ್ಲ ಎಂದು ಕೇಳುವನು. ಐನಾರನ ಹೆಂಡತಿ ಸಿಗ್ನೆ ಸತ್ತು ಆರು ವರ್ಷ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕ್ಲೈಡನೂ ಒಬ್ಬ.

ಅಕ್ಟೋಬರಿನ ಎರಡನೇ ವಾರ, ಶನಿವಾರ ಮಧ್ಯಾಹ್ನ, ಅವನನ್ನು ಕರೆದೊಯ್ಯಲು ಲೋರ್ನಾ ಬಂದಳು. ಕ್ಲೈಡ್ ಹಿತ್ತಲಿನ ಶೌಚಕ್ಕೆ ಹೋಗಿದ್ದ. ಬಂದೂಕು ಬೆಂಚಿನ ಮೇಲಿತ್ತು. ಕೈ ಜಾರದಂತೆ ಹಿಡಿಯ ಮೇಲೆ ಮಾಡುವ ಗೀರುಕೆತ್ತನೆಯೊಂದು ಬಿಟ್ಟು ಎಲ್ಲ ಮುಗಿದಿತ್ತು. ಕಾಯುವವರು ಎದುರಿಗಿದ್ದದ್ದನ್ನು ಮುಟ್ಟುವ ಹಾಗೆ ಅವಳು ಅದನ್ನು ಕೈಗೆತ್ತಿಕೊಂಡಳು, ತೂಕ ನೋಡಿದಳು, ಭುಜಕ್ಕೇರಿಸಿದಳು.

ಐನಾರನ ಕೈಯಲ್ಲಿದ್ದ ಎಣ್ಣೆ ಬಟ್ಟೆ ಅಲ್ಲೇ ನಿಂತಿತು.

"ಇಳಿಸಿ. ಕಣ್ಣು ಮುಚ್ಚಿ. ಈಗ ಎತ್ತಿ ಕೆನ್ನೆ ಒತ್ತಿ ಹಿಡೀರಿ. ಹಾಂ, ಈಗ ಕಣ್ಣು ಬಿಡಿ."

ಅವಳು ಕಣ್ಣು ತೆರೆದಳು. ಕತ್ತನ್ನು ಅತ್ತಿತ್ತ ಸರಿಸುವ ಪ್ರಮೇಯವೇ ಬರಲಿಲ್ಲ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಹಿತ್ತಾಳೆ ಮಣಿ ಹಿಂಬದಿಯ ಕಚ್ಚಿನ ನಟ್ಟನಡುವೆ ಕೂತಿತ್ತೆಂಬುದು ಅವಳ ಮುಖದಲ್ಲೇ ತಿಳಿಯಿತು.

"ಇದು ಯಾರ ಅಳತೆ?"

ಐನಾರ್ ಡಬ್ಬಿಯಿಂದ ಚೀಟಿ ತೆಗೆದು ಕೊಟ್ಟ. ಅವಳು ಅದನ್ನು ಓದಿ, ತಿರುಗಿಸಿ, ಮತ್ತೆ ಓದಿದಳು. ತಾನು ಬಂದೂಕು ಹಾರಿಸಿ ಇಪ್ಪತ್ತಮೂರು ವರ್ಷವಾಯಿತು ಎಂದಳು. ಕೊನೆಯ ಸಲ ಅವಳು ಹೊಡೆದ ಹೆಣ್ಣು ಕಡವೆ ಸಾಯಲಿಲ್ಲ. ಅಪ್ಪ ಮಗಳು ಎರಡು ದಿನ ರಕ್ತದ ಜಾಡು ಹಿಡಿದು ನಡೆದರು. ಸಿಕ್ಕಾಗ ಅಪ್ಪ ಅವಳ ಕೈಯಿಂದ ಬಂದೂಕು ಕಿತ್ತುಕೊಂಡು ತಾನೇ ಮುಗಿಸಿದ. ಇಳಿದು ಬರುವಾಗ ಒಂದು ಮಾತಾಡಲಿಲ್ಲ. ಬೈಯಲೂ ಇಲ್ಲ. ಆಮೇಲೆ ಯಾವ ವರ್ಷವೂ ಅವನು ಬಾ ಎನ್ನಲಿಲ್ಲ, ಅವಳು ಬರುತ್ತೇನೆ ಎನ್ನಲಿಲ್ಲ.

ಹಿತ್ತಲ ಬಾಗಿಲು ತೆರೆದು ಕ್ಲೈಡ್ ಬಂದ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಮಗಳ ಕೈಯಲ್ಲಿದ್ದದ್ದನ್ನು ನೋಡಿದ.

"ಅಪ್ಪ, ಇದನ್ನ ಯಾರಿಗೆ ಅಂತ ಮಾಡಿಸ್ತಿದೀರಿ?"

ಕ್ಲೈಡ್ ಹತ್ತಿರ ಬಂದು ಮರದ ಎಳೆಗಳ ಮೇಲೆ ಬೆರಳಾಡಿಸಿದ. ಕೊಂಡಿ ಎಳೆದು ಬಿಟ್ಟು ಅದರ ಸದ್ದು ಕೇಳಿದ. "ಕೆಲಸ ಚೆನ್ನಾಗಿದೆ. ಯಾರದು ಐನಾರ್, ಇದು?"

ಐನಾರ್ ಎಣ್ಣೆ ಬಟ್ಟೆ ಕೆಳಗಿಟ್ಟ. ಇವನು ಆಟವಾಡುತ್ತಿದ್ದಾನೋ, ನಿಜಕ್ಕೂ ಮರೆತಿದ್ದಾನೋ ಎಂದು ಅವನ ಕಣ್ಣಲ್ಲಿ ಹುಡುಕಿದ. ತಿಳಿ ನೀಲಿ ಕಣ್ಣು, ಒಲೆಯ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ.

ಕ್ಲೈಡ್ ಬಂದೂಕನ್ನು ಭುಜಕ್ಕಿಟ್ಟು ನೋಡಿದ. ಉದ್ದ ತೋಳು ಮಡಚಿಕೊಂಡು ಮೊಣಕೈ ಹೊರಗೆ ಚಾಚಿತು. ನಕ್ಕು, ಮಗಳಿಗೆ ವಾಪಸು ಕೊಟ್ಟ.

"ನಂದಂತೂ ಅಲ್ಲ. ಯಾರೋ ನಿನ್ನಷ್ಟು ಎತ್ತರದವರದು. ಅದೃಷ್ಟವಂತರು."

ಅವಳು ಬಂದೂಕನ್ನು ಬೆಂಚಿನ ಮೇಲೆ ಮಲಗಿಸಿದಳು. ಅಪ್ಪನ ಕೋಟಿನ ಗುಂಡಿ ಹಾಕಿದಳು; ಒಂದನ್ನು ತಪ್ಪು ಕಾಜಕ್ಕೆ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ಬಾಗಿಲ ಬಳಿ ನಿಂತು, ತಿರುಗದೆಯೇ, "ಮುಗಿಸಿಬಿಡಿ" ಎಂದಳು.

ಐನಾರ್ ಕಿಟಕಿಯಿಂದ ನೋಡಿದ. ಟ್ರಕ್ಕು ಶುರುವಾಯಿತು, ಆದರೆ ಹೊರಡಲಿಲ್ಲ. ತೆಳ್ಳಗೆ ಆಲಿಕಲ್ಲು ಬೀಳುತ್ತಿತ್ತು. ಗಾಜಿನ ಮೇಲೆ ಒರೆಸುವ ಕಡ್ಡಿಗಳು ಹೋಗಿ ಬರುತ್ತಿದ್ದವು. ಒಳಗೆ ಇಬ್ಬರೂ ಮುಂದಿನ ರಸ್ತೆ ನೋಡುತ್ತ ಕೂತಿದ್ದರು. ಬಹಳ ಹೊತ್ತಿನ ಮೇಲೆ ತಿರುವಿನ ದೀಪ ಮಿನುಗತೊಡಗಿತು, ಎಡಕ್ಕೆ. ಮನೆ ಇದ್ದದ್ದು ಬಲಕ್ಕೆ. ಎಡಗಡೆಯ ರಸ್ತೆ ಕಡವೆ ಇಳಿಯುವ ಬೆಟ್ಟದ ಬುಡದವರೆಗೆ ಹೋಗಿ ನಿಲ್ಲುತ್ತಿತ್ತು.