ಪೆಟ್ಟಾದ ಹಕ್ಕಿಗೆ ಬುಟ್ಟಿ, ಖುದ್ದೂಸನಿಗೇನು?

ಯಲಹಂಕದ ಪಕ್ಕದ ನಮ್ಮ ಸಿಂಗಾಪುರದಲ್ಲಿ ಯಾರಿಗೇ ತಲೆನೋವು ಬರಲಿ, ಮದ್ದು ಹೇಳೋಕೆ ಇಡೀ ಬೀದಿಯೇ ಬರುತ್ತೆ. ಒಬ್ಬರು ಶುಂಠಿ ಅಂತಾರೆ, ಒಬ್ಬರು ದೃಷ್ಟಿ ಅಂತಾರೆ, ಮತ್ತೊಬ್ಬರು ಮೊಬೈಲು ಅಂತಾರೆ. ಅವರೆಲ್ಲರಿಗಿಂತ ದೊಡ್ಡ ಪಂಡಿತ ನಾನು, ರಾಮಕೃಷ್ಣಪ್ಪ. ನಾನು ಹೇಳಿದ ಮದ್ದಿಗೆ ಮಲಗಿದವರು ಎದ್ದು ಓಡಿದ್ದಾರೆ. ಓಡಾಡುತ್ತಿದ್ದವರು ಮಲಗಿದ್ದೂ ಉಂಟು, ಆ ಮಾತು ಈಗ ಬೇಡ.

ಇದು ನನ್ನ ಗೆಳೆಯ ಖುದ್ದೂಸನ ತಲೆಯ ಕಥೆ. ಇದರಲ್ಲಿ ನಾನು ಎಲ್ಲವನ್ನೂ ಉಬ್ಬಿಸುತ್ತೇನೆ, ಅದು ಹುಟ್ಟುಗುಣ. ಆದರೆ ಡಾಕ್ಟರು ಹೇಳಿದ್ದಕ್ಕೆ ಮಾತ್ರ ಸಾಸಿವೆಯಷ್ಟೂ ಸೇರಿಸಿಲ್ಲ. ನನ್ನ ಹೆಂಡತಿ ದ್ರೌಪದಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ, ಸೇರಿಸಿದರೆ ಅನ್ನ ಹಾಕುವುದಿಲ್ಲ.

ನಾವು ಹುಡುಗರಾಗಿದ್ದಾಗ ಸಿಂಗಾಪುರ ಹಳ್ಳಿಯೇ. ಈಗ ಅಪಾರ್ಟ್‌ಮೆಂಟು ನಿಂತ ಕಡೆಯೆಲ್ಲ ದ್ರಾಕ್ಷಿ ತೋಟ. ಒಂದು ಗೊಂಚಲು ಹೊರೋಕೆ ಇಬ್ಬರು ಬೇಕಾಗುತ್ತಿತ್ತು. ಆಕಾಶ ಎಷ್ಟು ದೊಡ್ಡದಿತ್ತು ಅಂದರೆ ಯಲಹಂಕದ ವಿಮಾನ ಅದನ್ನು ದಾಟೋಷ್ಟರಲ್ಲಿ ಸುಸ್ತಾಗುತ್ತಿತ್ತು. ಆ ಕಾಲದಲ್ಲಿ ನಾನೂ ಖುದ್ದೂಸೂ ಶಿವಾಜಿನಗರಕ್ಕೆ ಹೋಗಿ ಒಂದು ಜೋಡಿ ಪಾರಿವಾಳ ತಂದೆವು. ಬಸ್ಸಿನಲ್ಲಿ ಅವು ನನ್ನ ಅಂಗಿಯೊಳಗಿದ್ದವು. ಕಂಡಕ್ಟರು ಬಗ್ಗಿ ನೋಡಿ, “ಏನೋ ಇದು, ಹೊಟ್ಟೆ ಹಿಂಗೆ ಗುಟುರು ಹಾಕ್ತಿದೆ?” ಅಂದ. “ಹಸಿವು ಸಾರ್” ಅಂದೆ. ಪಾಪ, ಕಡ್ಲೆಕಾಯಿ ಕೊಟ್ಟ. ಅದನ್ನೂ ಹಕ್ಕಿಗಳೇ ತಿಂದವು.

ಆ ಜೋಡಿಯ ಮಕ್ಕಳ ಮಕ್ಕಳ ಮರಿಮಕ್ಕಳು ಇವತ್ತೂ ಖುದ್ದೂಸನ ತಾರಸಿಯ ಮೇಲಿವೆ. ತೋಟ ಹೋಯಿತು, ನಮ್ಮ ಕೂದಲೂ ಹೋಯಿತು. ಉಳಿದದ್ದು ಆ ವಂಶ ಒಂದೇ. ಅದರಲ್ಲಿ ಈಗ ಯಜಮಾನಿ ಬೇಗಂ ಅನ್ನೋ ಬೂದು ಹೆಣ್ಣು. ಖುದ್ದೂಸ್ ಹಗಲು ಸ್ಕೂಟರ್ ಸೀಟು ಹೊಲಿಯುತ್ತಾನೆ. ಸಂಜೆಯಾದರೆ ತಾರಸಿಗೆ ಹತ್ತಿ ಶಿಳ್ಳೆ ಹಾಕುತ್ತಾನೆ. ಆ ಶಿಳ್ಳೆ ಸೋಲದೇವನಹಳ್ಳಿವರೆಗೂ ಕೇಳುತ್ತೆ.

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ತಾರಸಿ ಮೇಲಿನ ಗೂಡಿಗೆ ಖುದ್ದೂಸ್ ಹತ್ತಿದ್ದ ಏಣಿ ಪಾಚಿಯ ಮೇಲೆ ಜಾರಿತು. ಖುದ್ದೂಸನ ತಲೆ ನೀರಿನ ಟ್ಯಾಂಕಿನ ಕಟ್ಟೆಗೆ ಬಡಿಯಿತು. ರಕ್ತ ಬರಲಿಲ್ಲ. ಎದ್ದು ಕೂತು, “ಬೇಗಂ ಬಂದ್ಳಾ?” ಅಂದ. “ಬಂದ್ಳು” ಅಂದೆ. “ಬೇಗಂ ಬಂದ್ಳಾ?” ಅಂದ. ಮತ್ತೆ ಹೇಳಿದೆ. ಮತ್ತೆ ಕೇಳಿದ. ಅವನ ಮಗ ಅದ್ನಾನ್ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಸ್ಕ್ಯಾನ್ ಮಾಡಿದರು. ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ, ಮನೆಗೆ ಹೋಗಿ ಅಂದರು. “ತೊಂದರೆ ಮುಂದುವರಿದರೆ ಬನ್ನಿ” ಅಂತಲೂ ಹೇಳಿದರಂತೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ನಾರ್ಮಲ್’ ಅನ್ನೋ ಒಂದು ಮಾತು ಮಾತ್ರ ಬೀದಿಯೆಲ್ಲ ಸುತ್ತಿ ಬಂತು.

ಕೆಲವು ವಾರ ಕಳೆದವು. ಖುದ್ದೂಸ್ ಮಾತ್ರ ನಾರ್ಮಲ್ ಆಗಲಿಲ್ಲ. ತಲೆನೋವು ಹೋಗಲೇ ಇಲ್ಲ. ಬೆಳಕು ಚುಚ್ಚುತ್ತಿತ್ತು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕತ್ತು ಮೇಲೆತ್ತಿದರೆ ಲೋಕವೇ ತಿರುಗುತ್ತಿತ್ತು. ಹೊಲಿಯಲು ಕೂತರೆ ಅಳತೆ ಮರೆಯುತ್ತಿತ್ತು. ನಿದ್ದೆ ಇಲ್ಲ. ಯಾರ ಮೇಲೂ ದನಿಯೆತ್ತದ ಮನುಷ್ಯ, ಹೆಂಡತಿ ಮಲ್ಕಾ ಚಹಾ ಕೊಟ್ಟರೂ ರೇಗುತ್ತಿದ್ದ.

ಮಲ್ಕಾ ಹೆದರಿ ಅವನನ್ನು ಕೋಣೆಯೊಳಗೆ ಮಲಗಿಸಿದಳು. ಕಿಟಕಿಗೆ ಕಂಬಳಿ ಕಟ್ಟಿದಳು. ಯಾರೂ ಒಳಗೆ ಬರಬಾರದು, ಅವನು ಹೊರಗೆ ಹೋಗಬಾರದು.

ನಾನು ಬಾಗಿಲಲ್ಲಿ ನಿಂತು ಕೇಳಿದೆ: “ಏನ್ ಭಾಭಿ ಇದು, ಗಂಡನ್ನ ಬಾಳೆಹಣ್ಣು ಮಾಗಿಸಿದಂಗೆ ಮಾಗಿಸ್ತಿದೀರಾ?”

“ತಮಾಷೆ ಬೇಡ ರಾಮಣ್ಣ. ತಲೆಗೆ ರೆಸ್ಟ್ ಬೇಕು.”

“ಸ್ಕ್ಯಾನ್ ಸರಿ ಇದೆಯಲ್ಲ! ಇವನಿಗೆ ಏನೂ ಆಗಿಲ್ಲ. ಸೋಮಾರಿತನಕ್ಕೆ ಸ್ಕ್ಯಾನ್ ಇಲ್ಲ, ಅಷ್ಟೇ.”

ಕತ್ತಲೊಳಗಿಂದ ಖುದ್ದೂಸ್ ನನ್ನನ್ನು ಚಿಕ್ಕಂದಿನ ಹೆಸರಲ್ಲೇ ಕರೆದು ಗೊಣಗಿದ: “ಲೇ ಕಿಟ್ಟಾ, ನಿನ್ನ ಗಂಟಲನ್ನ ಒಸಿ ಮೆತ್ತಗೆ ಮಾಡೋ. ತಲೆ ಒಡೀತದೆ.”

“ನೋಡಿದ್ರಾ, ಬೈಯ್ಯೋಕೆ ಶಕ್ತಿ ಇದೆ” ಅಂದೆ. “ಆಕಾಶ ತೋರಿಸಿದರೆ ಎದ್ದು ಕೂರ್ತಾನೆ.”

ಆ ಭಾನುವಾರ ಮಾಕಳಿ ಕಡೆ ಪಾರಿವಾಳದ ಟೂರ್ನಮೆಂಟು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೆಳಗ್ಗೆ ಹಕ್ಕಿ ಬಿಡುತ್ತಾರೆ, ಯಾವುದು ಹೆಚ್ಚು ಹೊತ್ತು ಇಳಿಯದೆ ಹಾರುತ್ತೋ ಅದು ಗೆದ್ದಂತೆ. ಮೋಡದ ಹತ್ತಿರ ಚುಕ್ಕಿಯಂತಾದ ಹಕ್ಕಿಯ ಮೇಲಿಂದ ಕಣ್ಣು ತೆಗೆಯೋ ಹಾಗಿಲ್ಲ. ತಾರಸಿಯಲ್ಲಿ ಚಾಪೆ ಹಾಕಿ, ಅಂಗಾತ ಮಲಗಿ, ಬಿಸಿಲಿಗೆ ಕಣ್ಣೊಡ್ಡಿ ನೋಡುತ್ತಲೇ ಇರಬೇಕು. ತಲೆಪೆಟ್ಟಾದವನಿಗೆ ಇದಕ್ಕಿಂತ ಒಳ್ಳೆ ಔಷಧಿ ಬ್ರಹ್ಮನಿಗೂ ಹೊಳೆಯುತ್ತಿರಲಿಲ್ಲ, ನನಗೆ ಹೊಳೆಯಿತು! ಮಲ್ಕಾ ಮಾರ್ಕೆಟ್ಟಿಗೆ ಹೋದದ್ದೇ ಖುದ್ದೂಸನನ್ನು ಆಟೋಗೆ ಹಾಕಿಕೊಂಡು ಹೊರಟೆ.

ಅಲ್ಲಿ ಶಿಳ್ಳೆ, ಕೂಗು, ಬಿಸಿಲು. ಖುದ್ದೂಸ್ ಹಳೆ ಹುರುಪಿನಿಂದ ಮುಖ ಮೇಲೆತ್ತಿದ. ನಕ್ಕ ಕೂಡ. ಆಮೇಲೆ ಮುಖದ ಬಣ್ಣವೇ ಹೋಯಿತು. ಗೋಡೆ ತಬ್ಬಿಕೊಂಡು ಕುಸಿದು ವಾಂತಿ ಮಾಡಿಕೊಂಡ. ನಾನು ಟವೆಲ್ಲಿಂದ ಬಾಯಿ ಒರೆಸಿದಾಗ ಅವನ ಕಣ್ಣಲ್ಲಿ ನೀರಿತ್ತು.

“ಕಿಟ್ಟಾ, ನಂಗೆ ಹುಚ್ಚು ಹಿಡೀತಿದೆ ಅನ್ಸುತ್ತೆ ಕಣೋ. ಎಲ್ರೂ ಸರಿ ಇದೀಯ ಅಂತಾರೆ. ನಾನು ಸರಿ ಇಲ್ಲ. ಮೇಲೆ ನೋಡೋಕಾಗದವನಿಗೆ ಹಕ್ಕಿ ಯಾಕೆ? ಯಶವಂತಪುರದಲ್ಲಿ ಹಕ್ಕಿ ಸಾಕೋ ಸರ್ಫರಾಜ್‌ಗೆ ಹೇಳು. ಎಲ್ಲಾ ತಗೊಂಡು ಹೋಗ್ಲಿ. ಬೇಗಮ್ಮನ್ನೂ.”

ಒಂದು ಮದ್ದೂ ಹೇಳದೆ ಅವನನ್ನು ಎತ್ತಿ ಆಟೋಗೆ ಕೂರಿಸಿದೆ. ಹುಟ್ಟಿದಾಗಿನಿಂದ ಇದೇ ಮೊದಲು. ಅಂಗಿಯೊಳಗಿದ್ದ ಆ ಜೋಡಿಯ ಬಿಸಿ ಈಗಷ್ಟೇ ಆರಿದ ಹಾಗೆ ಎದೆ ತಣ್ಣಗಾಯಿತು.

ಮನೆಗೆ ಬಂದರೆ ದ್ರೌಪದಮ್ಮ, ಮಲ್ಕಾ ಇಬ್ಬರೂ ಬಾಗಿಲಲ್ಲಿ. “ಇಂಗೆ ಮಾಡೋದಾ? ನಿಮ್ ತಲೇಗೆ ಪೆಟ್ಟೇನೂ ಬಿದ್ದಿಲ್ವಲ್ಲ, ಆದ್ರೂ ಕೆಟ್ಟೋಗಿದೆ!” ಅಂದಳು ನನ್ನವಳು. ಅದೇ ಆಟೋದಲ್ಲಿ ಅವನನ್ನು ಸ್ಮಿತಾ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಸ್ಮಿತಾ ಅಂದರೆ ಪಕ್ಕದ ಬೀದಿ ನಾರಾಯಣಮ್ಮನ ಮೊಮ್ಮಗಳು. ಚಿಕ್ಕವಳಿದ್ದಾಗ ಖುದ್ದೂಸನ ತಾರಸಿಯಲ್ಲೇ ಆಡುತ್ತಿದ್ದಳು.

ಅವಳು ಅವಸರ ಮಾಡಲಿಲ್ಲ. ಬೆರಳು ಆಡಿಸಿ ಕಣ್ಣು ನೋಡಿದಳು, ಕತ್ತು ಮುಟ್ಟಿ ನೋಡಿದಳು, ಕಾಲು ಜೋಡಿಸಿ ನಿಲ್ಲಿಸಿದಳು. ಆಮೇಲೆ ಹೇಳಿದಳು: “ಚಾಚಾ, ನಿಮಗೆ ಹುಚ್ಚೂ ಇಲ್ಲ, ನಾಟಕವೂ ಅಲ್ಲ. ಬಿದ್ದಾಗ ಮಿದುಳು ಒಳಗೇ ಅಲುಗಾಡಿದೆ. ಅದು ಇನ್ನೂ ಸುಧಾರಿಸಿಕೊಳ್ತಾ ಇದೆ.”

“ಹಾಗಾದ್ರೆ ಸ್ಕ್ಯಾನ್?” ಅಂದೆ ನಾನು.

“ಮಾಮ, ಮನೆ ಗೋಡೆ ಬಿರುಕು ಬಿಟ್ಟಿದೆಯಾ ಅಂತ ನೋಡಬಹುದು. ಅದರೊಳಗಿನ ವೈರಲ್ಲಿ ಕರೆಂಟು ಸರಿಯಾಗಿ ಹರೀತಿದೆಯಾ ಅಂತ ಗೋಡೆ ನೋಡಿದ್ರೆ ಗೊತ್ತಾಗುತ್ತಾ? ಸ್ಕ್ಯಾನ್ ಮಾಡಿಸಿದ್ದು ಒಳ್ಳೇದೇ. ದೊಡ್ಡ ಅಪಾಯ ಇಲ್ಲ ಅಂತ ಗೊತ್ತಾಯ್ತು. ಆದ್ರೆ ಸ್ಕ್ಯಾನ್ ಸರಿ ಇದ್ರೂ ತಲೆನೋವು, ತಲೆಸುತ್ತು, ಮರೆವು, ಸಿಟ್ಟು, ನಿದ್ದೆಗೇಡು ಇರಬಹುದು. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಹೋಗುತ್ತೆ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತೆ.”

ಮಲ್ಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಾಗಾದ್ರೆ ಆ ಸಿಟ್ಟು ನನ್ನ ಮೇಲೆ ಅಲ್ಲ ಅನ್ನು?”

“ಅದು ಪೆಟ್ಟಿನ ಸಿಟ್ಟು ಚಾಚಿ.”

“ಅದಕ್ಕೇ ಕತ್ತಲೆ ಕೋಣೇಲಿ ಇಟ್ಟಿದೀನಿ.”

ಸ್ಮಿತಾ ನಕ್ಕು ಖುದ್ದೂಸನ ಕಡೆ ತಿರುಗಿದಳು. “ಚಾಚಾ, ಬೇಗಮ್ಮನ ಅಮ್ಮ ಒಂದ್ಸಲ ಕೇಬಲ್ ವೈರಿಗೆ ಬಡಿದು ಬಿದ್ದಿತ್ತಲ್ಲ, ನೆನಪಿದೆಯಾ? ನಾನು ಅತ್ತಿದ್ದೆ. ನೀವೇನ್ ಮಾಡಿದ್ರಿ?”

ಖುದ್ದೂಸ್ ಕಣ್ಣು ಕಿರಿದು ಮಾಡಿ ಯೋಚಿಸಿದ. ಅಳತೆ ಮರೆತವನಿಗೆ ಅದು ನೆನಪಿತ್ತು. “ಬುಟ್ಟೀಲಿಟ್ಟು ಬಟ್ಟೆ ಮುಚ್ಚಿದೆ. ಒಂದೆರಡು ದಿನ.”

“ಆಮೇಲೆ?”

“ತಾರಸಿ ಮೇಲೆ ನಡೆದಾಡೋಕೆ ಬಿಟ್ಟೆ. ಸುಸ್ತಾದ್ರೆ ಒಳಗೆ. ಮಾರನೇ ದಿನ ಮತ್ತೆ. ಆಮೇಲೆ ಗೋಡೆವರೆಗೂ ಹಾರ್ತು. ಆಮೇಲೆ ಮನೆ ಮೇಲೆ ಒಂದು ಸುತ್ತು.”

“ತಿಂಗಳುಗಟ್ಟಲೆ ಬುಟ್ಟೀಲೇ ಇಟ್ಟಿದ್ರೆ?”

“ಅಯ್ಯೋ, ರೆಕ್ಕೆ ಸೆಟೆದು ಹೋಗುತ್ತೆ ಬೇಟಿ. ಆಕಾಶ ಕಂಡ್ರೇನೇ ಹೆದರುತ್ತೆ.”

ಮಲ್ಕಾ ನೆಲ ನೋಡಿದಳು.

“ಸರಿ, ಪೆಟ್ಟು ಆರೋ ಮೊದಲೇ ಟೂರ್ನಮೆಂಟಿಗೆ ಹಾರಿಸಿದ್ರೆ?”

ಖುದ್ದೂಸ್ ನಿಧಾನವಾಗಿ ನನ್ನ ಕಡೆ ತಿರುಗಿದ. “ಅಂಥ ಕತ್ತೆ ಯಾವನಿದ್ದಾನೆ?”

ನಾನು ಫ್ಯಾನು ನೋಡುತ್ತಾ ಕೂತೆ. ಒಳ್ಳೆ ಫ್ಯಾನು.

“ಹಕ್ಕಿಗೆ ಮಾಡಿದ್ದನ್ನೇ ನಿಮಗೂ ಮಾಡ್ಕೊಳ್ಳಿ” ಅಂದಳು ಸ್ಮಿತಾ. “ಕಂಬಳಿ ಬಿಚ್ಚಿ. ದಿನಾ ಒಂಚೂರು ನಡೀರಿ. ಕೆಲಸ ಸ್ವಲ್ಪ ಮಾಡಿ, ನಿಲ್ಲಿಸಿ, ಮತ್ತೆ ಮಾಡಿ. ನೋವು ತುಂಬಾ ಏರಿದ್ರೆ ಒಂದು ಹೆಜ್ಜೆ ಹಿಂದೆ ಬನ್ನಿ. ಹೊತ್ತಿಗೆ ಸರಿಯಾಗಿ ಮಲಗಿ. ನೋವಿನ ಮಾತ್ರೆ ನಿಮಗೆ ನೀವೇ ದಿನಾ ನುಂಗಬೇಡಿ. ತಲೆಸುತ್ತು ಹೋಗೋವರೆಗೂ ಸ್ಕೂಟರು ಬೇಡ, ಏಣಿಯಂತೂ ಬೇಡವೇ ಬೇಡ. ಇದು ವಾಸಿಯಾಗೋ ಮೊದಲೇ ಇನ್ನೊಂದು ಪೆಟ್ಟು ಬಿದ್ರೆ ಅದು ಅಪಾಯ. ತಲೆಸುತ್ತಿಗೆ ವ್ಯಾಯಾಮ ಇದೆ, ಫಿಸಿಯೋಥೆರಪಿಯವರು ಹೇಳಿಕೊಡ್ತಾರೆ. ಮನಸ್ಸು ಕುಗ್ಗಿದ್ರೆ ಅದನ್ನೂ ಹೇಳಿ. ಹಕ್ಕಿ ಕೊಟ್ಟುಬಿಡೋಂಥ ದೊಡ್ಡ ತೀರ್ಮಾನ ಈಗ ಬೇಡ.”

“ಏಣಿ ಹತ್ತಬಾರದು ಅಂದ್ರೆ ಹಕ್ಕಿಗೆ ಕಾಳು ಹಾಕೋರು ಯಾರು?” ಅಂದ ಖುದ್ದೂಸ್.

ಎಲ್ಲರೂ ನನ್ನನ್ನೇ ನೋಡಿದರು.

ಹೀಗೆ ಸಿಂಗಾಪುರದ ಹುಲಿ ಪಾರಿವಾಳದ ಗೂಡು ತೊಳೆಯೋಕೆ ನಿಂತಿತು. ಮೊದಲು ಏಣಿಯ ಬುಡದ ಪಾಚಿ ಉಜ್ಜಿದೆ. ಏಣಿಯನ್ನು ಗೋಡೆಗೆ ಕಟ್ಟಿದೆ. ಹಕ್ಕಿ ಕೊಡ್ತಾರೆ ಅನ್ನೋ ಸುದ್ದಿ ಅಷ್ಟರಲ್ಲಿ ಮುಟ್ಟಿ, ಸರ್ಫರಾಜ್ ಬುಟ್ಟಿಗಳ ಸಮೇತ ಬಂದವನು ವಿಷಯ ಕೇಳಿ, “ಭಾಯ್, ಹಕ್ಕಿ ನಿಮ್ಮವೇ. ನಾನು ಬಿರಿಯಾನಿ ತಿಂದು ಹೋಗ್ತೀನಿ” ಅಂದ. ಮಾತಿನಂತೆ ಎರಡು ಊರಿಗಾಗುವಷ್ಟು ತಿಂದ.

ಖುದ್ದೂಸ್ ಮಾತ್ರ ಒಂದೇ ಸಲಕ್ಕೆ ಎದ್ದು ನಿಲ್ಲಲಿಲ್ಲ. ಒಂದು ವಾರ ಚೆನ್ನಾಗಿದ್ದ. ಹುರುಪಿನಲ್ಲಿ ದಿನವೆಲ್ಲ ಹೊಲಿದು ಮತ್ತೆ ಮಲಗಿದ. ಮತ್ತೆ ಸ್ವಲ್ಪದಿಂದ ಶುರು. ಬೆಳಗ್ಗೆ ನಾವಿಬ್ಬರೂ ಕೆರೆ ಕಡೆ ನಡೆಯುತ್ತಿದ್ದೆವು. ಇಲ್ಲಿ ದ್ರಾಕ್ಷಿ ಕದ್ದೆವು, ಇಲ್ಲಿ ನಾಯಿ ಅಟ್ಟಿಸಿಕೊಂಡು ಬಂತು ಅಂತ ನಾನು ಹೇಳುತ್ತಿದ್ದೆ.

“ಆನೆ ಗಾತ್ರದ ನಾಯಿ.”

“ಮರಿ ಕಣೋ ಅದು” ಅನ್ನುತ್ತಿದ್ದ. ಅವನು ನನ್ನ ಸುಳ್ಳು ತಿದ್ದುತ್ತಿದ್ದ, ಅವನ ನೆನಪು ಹಾಗೇ ದಾರಿಗೆ ಬರುತ್ತಿತ್ತು.

ಸಂಜೆ ಅವನು ಮನೆಯ ಮೆಟ್ಟಿಲು ಹತ್ತಿ ಬಂದು ತಾರಸಿಯ ಕುರ್ಚಿಯಲ್ಲಿ ಟೋಪಿ ಹಾಕಿ, ಗೋಡೆಗೆ ಒರಗಿ ಕೂರುತ್ತಿದ್ದ. ಮೇಲೆ ನೋಡುವುದು ನನ್ನ ಕೆಲಸ. “ಇರೋದನ್ನ ಇದ್ದಂಗೆ ಹೇಳ್ಬೇಕು. ಉಬ್ಬಿಸಿದ್ರೆ ಇಳಿದು ಹೋಗು” ಅಂತ ಕರಾರು. ಜೀವನದಲ್ಲಿ ನಾನು ಪಟ್ಟ ಅತಿ ದೊಡ್ಡ ಕಷ್ಟ ಅದು.

ಬೇಸಿಗೆಯ ಒಂದು ಸಂಜೆ ಹಕ್ಕಿಗಳೆಲ್ಲ ಇಳಿದವು. ಬೇಗಂ ಇಳಿಯಲಿಲ್ಲ.

“ಬೇಗಂ ಬಂದ್ಳಾ?” ಅಂದ.

ಬಂದಳು ಅಂದುಬಿಡೋಣ ಅನ್ನಿಸಿತು. ಗೆಳೆಯನ ಮುಖ ನೋಡಿದೆ. “ಇಲ್ಲ ಕಣೋ. ಕಾಣ್ತಿಲ್ಲ.”

ಖುದ್ದೂಸ್ ಕುರ್ಚಿ ಹಿಡಿದು ಎದ್ದ. ಟೋಪಿ ಸರಿಸಿ, ಮೆಲ್ಲಗೆ, ಬಹಳ ಮೆಲ್ಲಗೆ ಮುಖ ಮೇಲೆತ್ತಿದ. ನಾನು ಅವನ ಬೆನ್ನ ಹಿಂದೆ ಕೈ ಇಟ್ಟೆ. ಅವನು ಬೀಳಲಿಲ್ಲ. ಎರಡು ಅಪಾರ್ಟ್‌ಮೆಂಟಿನ ನಡುವೆ ಉಳಿದಿದ್ದ ಅಷ್ಟಗಲ ಆಕಾಶವನ್ನು ನೋಡಿ, ಶಿಳ್ಳೆ ಹಾಕಿದ. ದೊಡ್ಡ ಶಿಳ್ಳೆಯೇನಲ್ಲ, ಪಕ್ಕದ ಮನೆಗೂ ಕೇಳಿರಲಿಕ್ಕಿಲ್ಲ.

ಬೇಗಮ್ಮನಿಗೆ ಕೇಳಿಸಿತು. ಬಂದು ಅವನ ಕಾಲ ಹತ್ತಿರ ಇಳಿಯಿತು.

“ಇವತ್ತಿಗೆ ಇಷ್ಟು ಸಾಕು” ಅಂತ ಖುದ್ದೂಸ್ ಕೂತುಕೊಂಡ. ಅವನಿಗೆ ಈಗಲೂ ಒಂದೊಂದು ದಿನ ತಲೆ ನೋಯುತ್ತೆ. ಅಂಥ ದಿನ ಬೇಗ ಮಲಗುತ್ತಾನೆ, ನಾವು ಯಾರೂ ಆಡಿಕೊಳ್ಳುವುದಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಬಿದ್ದಿರಬಹುದು, ಸ್ಕೂಟರಿಂದಲೋ, ಬಚ್ಚಲಲ್ಲೋ, ಆಟದಲ್ಲೋ. ತಲೆಗೆ ಪೆಟ್ಟಾದರೆ ಡಾಕ್ಟರಿಗೆ ತೋರಿಸಿ. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಸೋರಿದರೆ ಒಂದು ನಿಮಿಷವೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಸಣ್ಣ ಪೆಟ್ಟನ್ನೂ ಉದಾಸೀನ ಮಾಡಬೇಡಿ. ಸ್ಕ್ಯಾನ್ ಸರಿ ಇದ್ದು, ವಾರಗಳಾದರೂ ತೊಂದರೆ ಹೋಗದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಕತ್ತಲಲ್ಲಿ ಕೂಡಿಹಾಕಬೇಡಿ, ಬಿಸಿಲಿಗೂ ಎಳೆಯಬೇಡಿ.

ಮುಖ್ಯವಾಗಿ, ಅವರು ನೋಯುತ್ತೆ ಅಂದಾಗ ನಂಬಿ. ಊರಿಗೆ ಸುಳ್ಳು ಹೇಳೋಕೆ ನಾನೊಬ್ಬ ಇದ್ದೀನಿ, ಸಾಕು.