ಸಿದ್ದಮ್ಮ ಆರಿಸಿದ ಬಣ್ಣ

ಪ್ರತಿ ಯುಗಾದಿಗೂ ಮನೆಗೆ ಸುಣ್ಣ ಬಳಿಯುತ್ತಿದ್ದವನು ಸಿದ್ದಮ್ಮನ ಮಗ ಜಯಕುಮಾರ್. ಈ ವರ್ಷ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಅವನ ಶಿಫ್ಟ್ ಬದಲಾಗಿ, ಉಸಿರಾಡಲೂ ಪುರಸೊತ್ತು ಸಿಗಲಿಲ್ಲ. ಗೋಡೆಯೂ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಸೊಸೆ ಧನುಶ್ರೀ, "ಈ ಸಲ ಸುಣ್ಣ ಬ್ಯಾಡ. ಕೆಲ್ಸ ಗೊತ್ತಿರೋ ಪೇಂಟರ್‌ನ ಕರ್ಸಿ ಸರ್ಯಾಗಿ ಮಾಡ್ಸಾಣ" ಎಂದಳು. ಸಿದ್ದಮ್ಮ ಒಪ್ಪಿದಳು. ಒಂದೇ ಷರತ್ತು: ಬಣ್ಣ ಆರಿಸುವವಳು ತಾನೇ.

ಕನಕಪುರದಿಂದ ತಾಜ್ ಪಾಷಾ ಬಂದ. ಐವತ್ತು ದಾಟಿದವನು, ಮಾತು ಕಡಿಮೆ. ಬಂದವನೇ ಬೆರಳ ಗೆಣ್ಣಿನಿಂದ ಗೋಡೆಗಳನ್ನೆಲ್ಲ ತಟ್ಟುತ್ತಾ ಮನೆ ಸುತ್ತಿದ. ಎಲ್ಲಿ ಟೊಳ್ಳು ಶಬ್ದ ಬಂತೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದ. "ಇಲ್ಲೆಲ್ಲ ಗಾರೆ ಬುಟ್ಕೊಂಡೈತೆ ಅಮ್ಮಾ. ಕೆತ್ತಿ ಹೊಸದಾಗಿ ತುಂಬುದ್ರೇನೇ ಬಣ್ಣ ನಿಲ್ಲೋದು" ಎಂದ. ಅವನ ರೀತಿ ಸಿದ್ದಮ್ಮನಿಗೆ ಹಿಡಿಸಿತು.

ತೊಂದರೆ ಶುರುವಾದದ್ದು ಬಣ್ಣ ಆರಿಸುವಾಗ. ಸಿದ್ದಮ್ಮ ತೆಳು ಅರಿಶಿನ ಬಣ್ಣ ಕೇಳಿದಳು. ಪಾಷಾ ಜಗುಲಿಯ ಗೋಡೆಯ ಮೇಲೆ ಅಂಗೈ ಅಗಲ ಬಳಿದು ತೋರಿಸಿದ.

"ನಾನು ಹಳದಿ ಕೇಳುದ್ರೆ ನೀನು ಸುಣ್ಣ ಬಳ್ದಿದ್ದೀಯಲ್ಲಪ್ಪ?"

ಅವನು ಒಂದಿಷ್ಟು ಗಾಢ ಮಾಡಿ ಪಕ್ಕದಲ್ಲಿ ಬಳಿದ. ಅದೂ ಒಪ್ಪಿಗೆಯಾಗಲಿಲ್ಲ. ಮೂರನೆಯ ಸಲ ಬಳಿದದ್ದನ್ನು ನೋಡಿ ಜಯಕುಮಾರನಿಗೆ ತಡೆಯಲಾಗಲಿಲ್ಲ. "ಅವ್ವಾ, ಇದು ಸ್ಕೂಲ್ ಬಸ್ಸಿನ್ ಥರ ಐತೆ ಕಣವ್ವ!"

"ಈಗ ಒಸಿ ಹಳದಿ ಬಂತು, ಇನ್ನೊಸಿ ಬೇಕು" ಎಂದಳು ಸಿದ್ದಮ್ಮ. ಆಮೇಲೆ ಪಾಷಾನ ಕಡೆ ತಿರುಗಿ, "ಡಬ್ಬಕ್ಕೆ ನೀರು ಜಾಸ್ತಿ ಬೆರಸ್ತಿದ್ದೀಯ ಅಂತ ಕಾಣುತ್ತೆ" ಎಂದುಬಿಟ್ಟಳು.

ಧನುಶ್ರೀಗೆ ಮುಜುಗರದಿಂದ ಮುಖ ಕೆಂಪಾಯಿತು. ಪಾಷಾ ಸಿಟ್ಟಾಗಲಿಲ್ಲ. ಒಳಗೆ ಹೋಗಿ ಇನ್ನೆರಡು ಡಬ್ಬ ತಂದ. ಮೊದಲು ಬಳಿದಿದ್ದ ತೆಳು ಹಳದಿಯ ಪಕ್ಕದಲ್ಲಿ ಅಚ್ಚ ಬಿಳಿ ಬಳಿದ. ಅದರ ಕೆಳಗೆ ಕಡುನೀಲಿ ಬಳಿದ.

"ಅಮ್ಮಾ, ಮೇಲಿನ್ ಎರಡ್ರಲ್ಲಿ ಬಿಳೀದು ಯಾವ್ದು?"

"ಎರಡೂ ಒಂದೇ ಅಲ್ವ?"

"ಕೆಳಗಿರೋದು?"

"ಕರಿ. ಮನೆ ಗೋಡೆಗೆ ಯಾರಾದ್ರೂ ಕರಿ ಬಳೀತಾರಾ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಷಾ ಬ್ರಷ್ಷನ್ನು ಡಬ್ಬದ ಮೇಲಿಟ್ಟು, ಜಗುಲಿಯ ಅಂಚಿಗೆ ಕೂತ. "ಬೇಜಾರ್ ಮಾಡ್ಕೋಬ್ಯಾಡಿ ಅಮ್ಮಾ. ನಿಮ್ ಕಣ್ಗೆ ಪೊರೆ ಬಂದಿರ್ಬೇಕು. ಪೊರೆ ಬಂದ್ರೆ ಬಿಳಿ, ಹಳದಿ ಒಂದೇ ಥರ ಕಾಣ್ತವೆ, ನೀಲಿ ಕರಿ ಥರ ಕಾಣುತ್ತೆ. ನಂಗೆ ಕೆಲ್ಸ ಕಲ್ಸಿದ ಉಸ್ತಾದ್ ನಜೀರ್ ಸಾಬ್ರಿಗೂ ಹಿಂಗೇ ಆಗಿತ್ತು. ಒಂದು ಛತ್ರಕ್ಕೆ ಬಿಳಿ ಬಳೀಬೇಕಾದ ಕಡೆ ಹಳದಿ ಬಳ್ದು ಬಂದ್ಬುಟ್ರು. ಜನ ನಕ್ರು. ಅವ್ರು ನಾಚ್ಕೊಂಡು ಬ್ರಷ್ಷೇ ಮುಟ್ಲಿಲ್ಲ. ಕಣ್ಣಿನ್ ದೋಷ ಅಂತ ಗೊತ್ತಾಗೋ ಹೊತ್ಗೆ ಮೂರ್ ವರ್ಷ ಆಗೋಗಿತ್ತು."

"ನನ್ ಕಣ್ಗೇನಾಗೈತೆ? ಸೂಜಿಗೆ ದಾರ ಪೋಣಿಸ್ತೀನಿ ನಾನು!"

"ಅತ್ತೆ," ಎಂದಳು ಧನುಶ್ರೀ ಮೆಲ್ಲಗೆ, "ಒಂದು ವರ್ಷದಿಂದ ನಾನೇ ಪೋಣ್ಸಿಕೊಡ್ತಿದ್ದೀನಿ."

ಸಿದ್ದಮ್ಮ ಎದ್ದು ಒಳಗೆ ಹೋದಳು. ಮಧ್ಯಾಹ್ನ ಶಿಫ್ಟಿಗೆ ಹೊರಡುವ ಮೊದಲು ಮಗ ಊಟಕ್ಕೆ ಕೂತಾಗ, "ಲೋ ಜಯ, ನಿಂಗೆ ರಜ ಯಾವತ್ತು?" ಎಂದು ಕೇಳಿದಳು.

ರಾಮನಗರದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಲಿತಿದೆ ಎಂದರು. ಮೊದಲು ಬಲಗಣ್ಣಿಗೆ ಆಪರೇಷನ್ ಎಂದು ನಿಗದಿಯಾಯಿತು. ಬಣ್ಣದ ಕೆಲಸ ನಿಲ್ಲಿಸೋಣವೇ ಎಂದು ಕೇಳಲು ಜಯಕುಮಾರ್ ಪಾಷಾಗೆ ಫೋನ್ ಮಾಡಿದ. "ಯಾಕಣ್ಣ ನಿಲ್ಸೋದು? ಗಾರೆ ತುಂಬಿ, ಪುಟ್ಟಿ ಉಜ್ಜಿ, ಪ್ರೈಮರ್ ಹೊಡಿಯೋಕೆ ಹತ್ತು ದಿನ ಬೇಕು. ಬಣ್ಣ ಮಾತ್ರ ಅಮ್ಮ ಬಂದ್ಮೇಲೆ" ಎಂದ ಅವನು.

ಆಪರೇಷನ್ ಸಲೀಸಾಗಿ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಕಾರಿಳಿದು ಅಂಗಳಕ್ಕೆ ಬಂದ ಸಿದ್ದಮ್ಮ, ಕನ್ನಡಕವನ್ನು ಒಂದು ಗಳಿಗೆ ಮೇಲೆತ್ತಿದಳು. ಮನೆಯ ಗೋಡೆಯೆಲ್ಲ ಪ್ರೈಮರ್ ಹೊಡೆದು ಹಾಲಿನಷ್ಟು ಬೆಳ್ಳಗಿತ್ತು. ಬಾಗಿಲಲ್ಲಿ ಆರತಿ ಹಿಡಿದು ಧನುಶ್ರೀ ನಿಂತಿದ್ದಳು. ಸಿದ್ದಮ್ಮ ಗೋಡೆಯನ್ನು ಬಿಟ್ಟು ಸೊಸೆಯನ್ನೇ ನೋಡಿದಳು. ಹತ್ತಿರ ಹೋಗಿ ಸೆರಗನ್ನು ಕೈಗೆ ತೆಗೆದುಕೊಂಡಳು.

"ಧನು, ಈ ಸೀರೆ ನೀಲೀನೇನವ್ವ?"

"ಹೂಂ ಅತ್ತೆ. ನಮ್ಮಮ್ಮ ಕೊಡ್ಸಿದ್ದು."

"ಎರಡು ವರ್ಷದಿಂದ ಹಬ್ಬ ಬಂದ್ರೆ ಸಾಕು, ಈ ಹುಡ್ಗಿ ಕರೀ ಸೀರೆ ಉಟ್ಕೊಂಡು ನಿಂತ್ಕೊತಾಳೆ ಅಂತ ಮನಸಲ್ಲೇ ಬೈಕೊತಿದ್ದೆ ಕಣವ್ವ. ಬಾಯಿ ಬುಟ್ಟು ಕೇಳೂ ಇಲ್ಲ. ಇಷ್ಟ್ ಚೆನ್ನಾಗೈತಲ್ಲ!"

ಹಬ್ಬದ ದಿನಗಳಲ್ಲಿ ಅತ್ತೆ ಯಾಕೆ ಮುಖ ಸಿಂಡರಿಸಿಕೊಂಡಿರುತ್ತಾಳೆ ಎಂದು ಧನುಶ್ರೀಯೂ ಎಷ್ಟೋ ಸಲ ಒಳಗೊಳಗೇ ನೊಂದಿದ್ದಳು. ಈಗ ಅಳು, ನಗು ಎರಡೂ ಒಟ್ಟಿಗೇ ಬಂದವು. ಆರತಿ ತಟ್ಟೆ ಅಲುಗಿತು. ಜಯಕುಮಾರ್ ಅದನ್ನು ಹಿಡಿದುಕೊಂಡ.

ವಾರ ಬಿಟ್ಟು ಪಾಷಾ ಬಣ್ಣದ ಪುಸ್ತಕ ಹಿಡಿದು ಬಂದ. ಜಗುಲಿಯ ಗೋಡೆಯಲ್ಲಿ ಅವನು ಪ್ರೈಮರ್ ಹೊಡೆಯದೆ ಉಳಿಸಿದ್ದ ಮೂರನೆಯ ಹಳದಿಯನ್ನು ನೋಡಿ ಸಿದ್ದಮ್ಮ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯೋ, ಇದುನ್ನ ಬಳ್ಸಿದ್ರೆ ದಾರೀಲಿ ಹೋಗೋರು ನಿಂತು ನಗ್ತಿದ್ರು! ನಿಂಗೆ ಬಾಯಿಗೆ ಬಂದಂಗೆ ಅಂದ್ಬುಟ್ಟೆ ಪಾಷಾ, ತಪ್ಪಾಯ್ತಪ್ಪ."

"ಬುಡಿ ಅಮ್ಮಾ, ಅವತ್ತು ಮಾತಾಡಿದ್ದು ನಿಮ್ ಕಣ್ಣು" ಎಂದ ಅವನು.

ಹೊರಗೋಡೆಗೆ ಬೆಣ್ಣೆ ಬಣ್ಣ ಆರಿಸಿದಳು. ನಡುಮನೆಯ ಗೋಡೆಗೆ ಬೇಕಾದ್ದನ್ನು ಹೇಳೆಂದು ಪುಸ್ತಕವನ್ನು ಸೊಸೆಯ ತೊಡೆಯ ಮೇಲಿಟ್ಟಳು. ಧನುಶ್ರೀ ತೆಳು ಹಸಿರಿಗೆ ಬೆರಳಿಟ್ಟಳು.

ಕೆಲಸ ಮುಗಿಯಲು ಇನ್ನೂ ಆರು ದಿನ ಹಿಡಿಯಿತು. ಕೊನೆಯ ಸಂಜೆ ಪಾಷಾ ಬ್ರಷ್ ತೊಳೆದು, ಏಣಿ ಮಡಚಿ, ಕಾಫಿ ಲೋಟ ಕೈಗೆತ್ತಿಕೊಂಡಿದ್ದ. ಸಿದ್ದಮ್ಮ ನಡುಮನೆಯಲ್ಲಿ ತಲೆಯೆತ್ತಿ ನಿಂತಿದ್ದಳು.

"ಪಾಷಾ, ಸೂರಿನ ಮೂಲೇಲಿ ಒಂದು ಬೆರಳಗಲ ಹಂಗೇ ಬುಟ್ಟಿದ್ದೀಯ ನೋಡು."

ಪಾಷಾ ಹೋಗಿ ನೋಡಿದ. ಹೌದು, ಬಿಟ್ಟುಹೋಗಿತ್ತು. "ಇನ್ನೊಂದ್ ಕಣ್ಣೂ ಸರಿ ಹೋದ್ರೆ ನನ್ ಕತೆ ಮುಗೀತು" ಎನ್ನುತ್ತಾ, ನಗುತ್ತಲೇ ಏಣಿ ಬಿಚ್ಚಿದ. ಸಿದ್ದಮ್ಮ ಅವನ ಕಾಫಿ ಆರದಿರಲೆಂದು ಲೋಟದ ಮೇಲೆ ತಟ್ಟೆ ಮುಚ್ಚಿದಳು.