ಮೈಕಮ್ಮನ ಮೂರು ನಿಮಿಷ

ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕಳಿಸಿಕೊಟ್ಟ ಹೆಂಗಸು, ನಿವೃತ್ತಿಯಾದ ಮರು ಭಾನುವಾರವೇ ಚರ್ಚಿನ ಮೈಕಿನ ಮುಂದೆ ನಿಂತು ಪ್ರಾರ್ಥನೆಗಳನ್ನು ಕಳಿಸಿಕೊಡತೊಡಗಿದಳು. ಜನ ಅವಳನ್ನು ಆಗಲೂ ಮೈಕಮ್ಮ ಎನ್ನುತ್ತಿದ್ದರು, ಈಗಲೂ ಮೈಕಮ್ಮ ಎನ್ನುತ್ತಾರೆ.

ಚರ್ಚಿನ ಬಾಗಿಲ ಬಳಿ ಒಂದು ತಗಡಿನ ಡಬ್ಬಿಯಿದೆ. ಕಷ್ಟವಿದ್ದವರು ಚೀಟಿ ಬರೆದು ಅದಕ್ಕೆ ಹಾಕಬೇಕು. ಭಾನುವಾರ ಮೈಕಮ್ಮ ಒಂದೊಂದೇ ಚೀಟಿ ಓದಬೇಕು, ಒಂದೊಂದಕ್ಕೂ ಸಭೆ "ನಮ್ಮ ಮೊರೆ ಕೇಳು ಕರ್ತನೇ" ಎನ್ನಬೇಕು. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಇದ್ದದ್ದು ಮೈಕಮ್ಮ ನಿಲ್ದಾಣದಿಂದ ತಂದ ಒಂದು ಅಭ್ಯಾಸದಲ್ಲಿ. ಬಸ್ಸು ಹೊರಟಿತೆಂದು ಖಾತ್ರಿಯಾಗದೆ ಅದರ ಹೆಸರನ್ನು ಬೋರ್ಡಿನಿಂದ ಅಳಿಸಬಾರದು. ಅಂತೆಯೇ, ಕಷ್ಟ ಹೊರಟಿತೆಂದು ಕಷ್ಟಪಟ್ಟವರೇ ಬಂದು ಹೇಳದೆ ಚೀಟಿ ತೆಗೆಯಬಾರದು. ಕಷ್ಟ ಬಂದಾಗ ಓಡೋಡಿ ಬಂದು ಹೇಳುವ ಜನ, ಕಷ್ಟ ಹೋದಾಗ ಬಂದು ಹೇಳುವುದುಂಟೇ?

ಆದರೂ ಪಟ್ಟಿ ಹನ್ನೆರಡರ ಸುಮಾರಿಗೆ ನಿಂತಿತ್ತು. ಅಷ್ಟರಲ್ಲಿ ಬಲ್ಬ್ ಫ್ಯಾಕ್ಟರಿ ಮುಚ್ಚುತ್ತದಂತೆ ಎಂಬ ಸುದ್ದಿ ಹಬ್ಬಿತು. ಸಭೆಯ ಮುಕ್ಕಾಲು ಪಾಲು ಆ ಫ್ಯಾಕ್ಟರಿಯ ಬೆಳಕಿನಲ್ಲೇ ಬದುಕಿದ್ದವರು. ಮುಚ್ಚುತ್ತದೆ ಎಂದೂ ಯಾರೂ ಹೇಳರು, ಮುಚ್ಚುವುದಿಲ್ಲ ಎಂದೂ ಹೇಳರು. ಬಲ್ಬು ಒಮ್ಮೆ ಹತ್ತಿ ಒಮ್ಮೆ ಆರುವಂತೆ ಜನರ ಮುಖವೂ ಹತ್ತಿ ಆರುತ್ತಿತ್ತು. ಒಂದೇ ತಿಂಗಳಲ್ಲಿ ಡಬ್ಬಿಗೆ ಉಬ್ಬಸ ಬಂತು. ಚೀಟಿ ನಲವತ್ತೊಂದಾಯಿತು. ಮೈಕಮ್ಮ ಆರಂಭಿಸಿದಾಗ ಹೊರಟ ಆಮೆ, ಆಮೆನ್ ಬರುವಷ್ಟರಲ್ಲಿ ಗುಡ್ಡ ಹತ್ತಿ ಇಳಿದಿರುತ್ತಿತ್ತು.

ಕಟ್ಟಡವೂ ಒಬ್ಬರದಲ್ಲ. ಹನ್ನೊಂದಕ್ಕೆ ಬೇರೆ ಭಾಷೆಯ ಸಭೆ ಅಲ್ಲೇ ಆರಾಧನೆಗೆ ಬರುತ್ತದೆ. ಅವರು ಗಿಟಾರು ಹಿಡಿದು ಬಾಗಿಲಲ್ಲಿ ನಿಂತು, ಒಳಗೆ ಇಣುಕಿ, ಇನ್ನೂ ಮೈಕಮ್ಮನೇ ಎಂದು ತಮ್ಮ ಭಾಷೆಯಲ್ಲಿ ನಿಟ್ಟುಸಿರು ಬಿಡುತ್ತಿದ್ದರು.

ಸಭೆಗೆ ಇಬ್ಬರು ಪಾಲಕರು. ಒಬ್ಬರು ಸಭಾಪಾಲಕರಾದ ಅಯ್ಯನವರು. ಇನ್ನೊಬ್ಬ ಫ್ಯಾಕ್ಟರಿ ಗೇಟಿನ ಸಮಯಪಾಲಕ, ಅಂದರೆ ಟೈಮ್‌ಕೀಪರ್. ಅವನೇ ಚರ್ಚ್ ಕಮಿಟಿಯ ಸೆಕ್ರೆಟರಿ. ಆರಾಧನೆ ಮುಗಿದ ಮೇಲೆ, ನಿಲುವಂಗಿ ತೂಗುಹಾಕುವ ಪಕ್ಕದ ಕೋಣೆಗೆ ಮೈಕಮ್ಮನನ್ನು ಕರೆಸಿದ್ದು ಅವನೇ.

"ಇಪ್ಪತ್ತಾರು ನಿಮಿಷ ನಲವತ್ತು ಸೆಕೆಂಡು," ಎಂದು ವಾಚು ತೋರಿಸಿದ. "ಅಯ್ಯನವರ ಬೈಬಲ್ ಪ್ರಸಂಗ ಒಂಬತ್ತು ನಿಮಿಷ."

"ನನ್ನ ಪ್ರಸಂಗದ ಬಗ್ಗೆ ಯಾರೂ ಬೇಜಾರು ಮಾಡ್ಕೊಂಡಿಲ್ಲ," ಎಂದರು ಅಯ್ಯನವರು ಮೆಲ್ಲಗೆ.

"ಟೈಲರ್ ಮಂಡಿನೋವು ಒಂದೂವರೆ ವರ್ಷದಿಂದ ಓಡ್ತಾ ಇದೆ. ಹದಿನೇಳನೇದು ನೋಡಿ: 'ಹೊಟ್ಟೇಲಿಟ್ಕೊಂಡು ಒದ್ದಾಡೋ, ಮನೇಲಿ ಬಾಯಿ ಬಿಡದ ಒಬ್ಬ ಗಂಡನಿಗಾಗಿ.' ಹೆಸರಿಲ್ಲ, ವಿಳಾಸ ಇಲ್ಲ. ಅದನ್ನ ಓದಿದಾಗೆಲ್ಲ ಗಂಡಸರೆಲ್ಲ ತಲೆ ತಗ್ಗಿಸ್ತಾರೆ. ಮೊದಲು ಅದನ್ನ ತೆಗೀರಿ."

ಮೈಕಮ್ಮನಿಗೆ ಚೀಟಿಗಳ ಅಕ್ಷರವೆಲ್ಲ ಗೊತ್ತು. ಹದಿನೇಳರ ಅಕ್ಷರವೂ ಗೊತ್ತು. ಅವಳು ಸೆರಗು ಸರಿಮಾಡಿಕೊಂಡಳು.

ಟೈಮ್‌ಕೀಪರ್ ಒಂದು ಹಾಳೆ ಚಾಚಿದ. ಇನ್ನೂರು ಪ್ರತಿ ಮುದ್ರಿಸಿಯೂ ಆಗಿತ್ತು. 'ಎಲ್ಲರ ಎಲ್ಲ ಅಗತ್ಯಗಳನ್ನೂ ಪೂರೈಸು ಕರ್ತನೇ. ಆಮೆನ್.'

"ಆರು ಸೆಕೆಂಡು," ಎಂದ.

"ಎಲ್ಲಾ ಊರಿಗೂ ಹೋಗೋ ಬಸ್ಸು ಅಂತ ಮೈಕಲ್ಲಿ ಕೂಗಿದ್ರೆ ಅದಕ್ಕೆ ಯಾರಪ್ಪಾ ಹತ್ತುತ್ತಾರೆ?" ಎಂದಳು ಮೈಕಮ್ಮ.

ಅಯ್ಯನವರು ನಡುವೆ ಬಂದರು. "ಬರೋ ಭಾನುವಾರ ಮೂರು ನಿಮಿಷ ತಗೊಳ್ಳಿ ಅಮ್ಮ. ದಾಟಿದ್ರೆ ಮುಂದಿನ ವಾರದಿಂದ ಈ ಹಾಳೆ. ಮೈಕೂ ಸೆಕ್ರೆಟರಿಯವರಿಗೇ."

ಮೈಕಮ್ಮನ ಕೈಯಿಂದ ಮೈಕು ಹೋದರೆ ಉಳಿಯುವುದು ಬರೀ ಅಮ್ಮ. ಅವಳು ಆ ಇಡೀ ವಾರ ಊಟ ಬಡಿಸುವಾಗಲೂ ಮಾತಾಡಲಿಲ್ಲ. ನಿವೃತ್ತ ಡ್ರೈವರ್ ಆದ ಅವಳ ಗಂಡನಿಗೆ ಎಂಜಿನ್ ಪಕ್ಕದ ಕಿವಿ ಮಂದ. ಆದರೂ ಈ ಮೌನ ಅವನಿಗೆ ಆ ಕಿವಿಯಲ್ಲೇ ಕೇಳಿಸಿತು.

"ಪಟ್ಟಿ ಕಮ್ಮಿ ಮಾಡ್ಬೇಕು ತಾನೇ? ಸ್ಕೂಟರ್ ಹತ್ತು," ಎಂದ ಶನಿವಾರ ಬೆಳಿಗ್ಗೆ. "ಯಾರ ಕಷ್ಟ ಮುಗಿದಿದೆಯೋ ಕೇಳ್ಕೊಂಡು ಬರೋಣ."

ಮೊದಲ ಸ್ಟಾಪು ಟೈಲರ್ ಅಂಗಡಿ. ಟೈಲರ್ ಹೊಲಿಗೆ ಮೆಷೀನನ್ನು ಎಡಗಾಲಲ್ಲಿ ದಡದಡ ತುಳಿಯುತ್ತಿದ್ದ.

"ಮಂಡಿ ಹೇಗಿದೆಯಪ್ಪಾ?"

"ಫಸ್ಟ್ ಕ್ಲಾಸ್ ಅಕ್ಕಾ! ಮೊನ್ನೆ ಮೆಟ್ಟಿಲು ಓಡಿ ಹತ್ತಿದೆ."

"ಹಾಗಾದ್ರೆ ಚೀಟಿ ತೆಗೀಲಾ?"

ಮೆಷೀನು ನಿಂತಿತು. "ಅಯ್ಯೋ, ಬೇಡ ಅಕ್ಕಾ! ಪ್ರಾರ್ಥನೆಯಿಂದಾನೇ ನಿಂತಿರೋ ಮಂಡಿ ಅದು. ಕಂಬ ತೆಗೆದು ಚಾವಣಿ ನಿಲ್ಲುತ್ತಾ ಅಂತ ಯಾರಾದ್ರೂ ನೋಡ್ತಾರಾ? ಅದೂ ಇಂಥಾ ಕಾಲದಲ್ಲಿ! ಫ್ಯಾಕ್ಟರಿ ಮುಚ್ಚಿದ್ರೆ ಯೂನಿಫಾರ್ಮ್ ಹೊಲಿಸೋರು ಯಾರು? ಅದಕ್ಕೂ ಒಂದು ಚೀಟಿ ಕೊಡ್ತೀನಿ, ತಡೀರಿ."

ಹೋದದ್ದು ಸೊನ್ನೆ, ಬಂದದ್ದು ಒಂದು.

ಎರಡನೇ ಸ್ಟಾಪು, ಮಗಳಿಗೆ ಗಂಡು ಸಿಗಲೆಂದು ಚೀಟಿ ಹಾಕಿದ್ದ ನರ್ಸಮ್ಮನ ಮನೆ. ಮದುವೆಯಾಗಿ ಎಂಟು ತಿಂಗಳು. ಸ್ವತಃ ಮೈಕಮ್ಮನೇ ಆ ಮದುವೆಯಲ್ಲಿ ಎರಡು ಸಲ ಊಟ ಮಾಡಿದ್ದಳು.

"ಗಂಡು ಸಿಕ್ಕಾಯ್ತಲ್ಲಾ ತಾಯಿ, ಇನ್ನು ತೆಗೀಲಾ?"

"ಸಿಕ್ಕಿದೆ ಮೈಕಮ್ಮಾ, ಆದ್ರೆ ಎಂಥದು ಸಿಕ್ಕಿದೆ ಅಂತ ಕೇಳಿ!" ನರ್ಸಮ್ಮ ದನಿ ತಗ್ಗಿಸಿದಳು. "ಚೀಟಿ ಹಾಗೇ ಇರ್ಲಿ. 'ಗಂಡು ಸಿಗಲಿ' ಅನ್ನೋದನ್ನ ಹೊಡೆದು 'ಗಂಡಿಗೆ ಕೆಲಸ ಸಿಗಲಿ' ಅಂತ ಮಾಡಿ."

ಮೂರನೆಯ ಮನೆಯವನಿಗೆ ತಾನು ಚೀಟಿ ಹಾಕಿದ್ದು ಯಾಕೆಂದೇ ನೆನಪಿರಲಿಲ್ಲ. "ಏನೋ ದೊಡ್ಡದೇ ಇರ್ಬೇಕು ಮೈಕಮ್ಮಾ, ಇಲ್ದಿದ್ರೆ ಹಾಕ್ತಿರ್ಲಿಲ್ಲ. ಇರ್ಲಿ ಬಿಡಿ," ಎಂದು ಕೈಮುಗಿದ. ನಾಲ್ಕನೆಯ ಮನೆಯಲ್ಲಿ, ಫ್ಯಾಕ್ಟರಿಯಲ್ಲಿ ಬಲ್ಬು ಪರೀಕ್ಷಿಸುವ ಹೆಂಗಸು ಟೀ ಕೊಟ್ಟಳು. ಟೀ ಕುಡಿದು ಮುಗಿಯುವಷ್ಟರಲ್ಲಿ ಹೊಸ ಚೀಟಿಯೊಂದು ತಟ್ಟೆಯ ಅಡಿಯಿಂದ ಹೊರಬಂತು.

ಮಧ್ಯಾಹ್ನ ಮನೆಗೆ ಬಂದು ಎಣಿಸಿದರೆ ನಲವತ್ತಮೂರು.

"ಕಡಿಮೆ ಮಾಡೋಕೆ ಹೋಗಿ ಎರಡು ಜಾಸ್ತಿ ತಂದ್ಯಲ್ಲೇ," ಎಂದು ಗಂಡ ನಕ್ಕ.

"ನಗ್ತೀರಾ? ಸ್ಕೂಟರ್ ನಿಮ್ಮದು, ದಾರಿ ನಿಮ್ಮದು, ಬುದ್ಧೀನೂ ನಿಮ್ಮದೇ!" ಎಂದಳು ಮೈಕಮ್ಮ. ನಗಲು ಹೋಗಿ ಅವಳ ಕಣ್ಣು ತುಂಬಿತು. "ನಲವತ್ತಮೂರನ್ನ ಮೂರು ನಿಮಿಷಕ್ಕೆ ಓದಿದ್ರೆ ದೇವರಿಗೂ ಬಸ್ಸು ತಪ್ಪುತ್ತೆ ಕಣ್ರೀ. ಬಿಟ್ಟು ಓದೋಣ ಅಂದ್ರೆ, ಯಾರನ್ನ ಬಿಡ್ಲಿ ಹೇಳಿ?"

ಪಟ್ಟಿಯಲ್ಲಿ ಗಂಡನ ಕಿವಿಯೂ ಇತ್ತು.

ಭಾನುವಾರ ಬಂತು. ಟೈಮ್‌ಕೀಪರ್ ಮೊದಲ ಬೆಂಚಿನಲ್ಲಿ, ಇನ್ನೂರು ಹಾಳೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೈಕಮ್ಮ ಮೈಕಿನ ಮುಂದೆ ನಿಂತಳು. ವಾಚಿನ ಗುಂಡಿ ಟಕ್ ಎಂದಿತು. ಮೊದಲ ಚೀಟಿ ತೆರೆದಳು, ಗಂಟಲು ಸರಿಮಾಡಿಕೊಂಡಳು, ಅಲ್ಲಿಗೆ ಹತ್ತು ಸೆಕೆಂಡು ಹೋಯಿತು. ಕೈಯಲ್ಲಿ ಇನ್ನೂ ನಲವತ್ತೆರಡು ಚೀಟಿ.

ಆಗ ಅವಳಿಗೆ ನಿಲ್ದಾಣದಲ್ಲಿ ಮೈಕು ಕೆಟ್ಟುಹೋದ ದಿನಗಳು ನೆನಪಾದವು. ಅಂಥ ದಿನ ಕಂಡಕ್ಟರುಗಳೆಲ್ಲ ತಂತಮ್ಮ ಬಾಗಿಲಲ್ಲಿ ನಿಂತು ಒಟ್ಟಿಗೇ ಊರಿನ ಹೆಸರು ಕೂಗುತ್ತಿದ್ದರು. ಕಿವಿ ಹರಿದುಹೋಗುವ ಗದ್ದಲ. ಆದರೂ ಸಂಜೆಯ ಹೊತ್ತಿಗೆ ಪ್ರತಿಯೊಬ್ಬನೂ ತನ್ನ ಊರಿಗೇ ಮುಟ್ಟಿರುತ್ತಿದ್ದ.

ಅವಳು ಮೈಕನ್ನು ಬಿಟ್ಟು ಕೆಳಗಿಳಿದಳು. ಬೆಂಚಿನಿಂದ ಬೆಂಚಿಗೆ ಟಿಕೆಟ್ ಹರಿದು ಕೊಡುವಂತೆ ಚೀಟಿ ಹಂಚಿದಳು.

"ಒಬ್ಬೊಬ್ರಿಗೆ ಒಂದು. ನಿಮ್ಮದೇ ಸಿಕ್ಕಿದ್ರೆ ಪಕ್ಕದವರ ಜೊತೆ ಬದಲಾಯಿಸ್ಕೊಳ್ಳಿ. ಇವತ್ತು ಅವರವರ ಕಷ್ಟ ಅವರವರು ಹೇಳೋ ಹಾಗಿಲ್ಲ. ಎಲ್ಲರೂ ಒಟ್ಟಿಗೆ, ಜೋರಾಗಿ, ಹೂಂ!"

ಚರ್ಚು ಬಸ್ ನಿಲ್ದಾಣವಾಯಿತು. ನರ್ಸಮ್ಮ ಮೈಕಮ್ಮನ ಗಂಡನ ಕಿವಿಗಾಗಿ ಕಿವಿ ಕಿತ್ತುಹೋಗುವಂತೆ ಮೊರೆಯಿಟ್ಟಳು. ಟೈಲರ್ ನರ್ಸಮ್ಮನ ಅಳಿಯನ ಅಳತೆ ತೆಗೆದವನಂತೆ ಅವನ ಗುಣಗಳನ್ನೆಲ್ಲ ದೇವರಿಗೆ ಒಪ್ಪಿಸಿದ. ಅಯ್ಯನವರಿಗೂ ಒಂದು ಚೀಟಿ ಸಿಕ್ಕಿತು. ಬಾಗಿಲಲ್ಲಿದ್ದ ಗಿಟಾರಿನವರಿಗೆ ಮಾತು ತಿಳಿಯದಿದ್ದರೂ ಸದ್ದು ತಿಳಿಯಿತು. ಅವರೂ ಒಳಗೆ ಬಂದು ತಮ್ಮ ಭಾಷೆಯಲ್ಲಿ ಕೂಗಿಕೊಂಡರು. ಎರಡು ನಿಮಿಷ ಐವತ್ತು ಸೆಕೆಂಡಿಗೆ ನಲವತ್ತೆರಡು ಚೀಟಿಗಳೂ ಮುಗಿದು ಸದ್ದು ಅಡಗಿತು.

ಮುಗಿಯದೆ ಉಳಿದ ದನಿ ಒಂದೇ. ಅದು ಮೊದಲ ಬೆಂಚಿನದು.

ಟೈಮ್‌ಕೀಪರನಿಗೆ ಸಿಕ್ಕಿದ್ದು ಟೈಲರನ ಮಂಡಿ. ಅವನು ಎದ್ದು ನಿಂತು, ಕಣ್ಣು ಮುಚ್ಚಿ, ಹಾಜರಿ ಕೂಗುವ ದನಿಯಲ್ಲೇ ಆರಂಭಿಸಿದ್ದ. "ಟೈಲರ್, ಎಡ ಮಂಡಿ, ಕರ್ತನೇ. ಮೆಷೀನ್ ತುಳಿಯೋ ಕಾಲು. ಮೆಷೀನ್ ಇದ್ರೆ ತಾನೇ ಅವನಿಗೆ ಜೀವನ..." ಇಲ್ಲಿ ಅವನು ತಡವರಿಸಿದ. "ಮೆಷೀನು ಅಂದ್ರೆ, ತಂದೇ, ನಮ್ಮ ಗೇಟಿಗೂ ಒಂದು ಬಂದಿದೆ. ಬೆರಳಿಟ್ರೆ ಅದೇ ಟೈಮ್ ಬರ್ಕೊಳ್ಳುತ್ತೆ. ಫ್ಯಾಕ್ಟರಿ ಮುಚ್ಚುತ್ತೋ ಬಿಡುತ್ತೋ, ನನ್ನ ಕುರ್ಚಿಯಂತೂ ಈ ತಿಂಗಳಿಗೆ ಮುಗೀತು. ಇಪ್ಪತ್ತಾರು ವರ್ಷ ಎಲ್ಲರೂ ಲೇಟಾಗಿ ಬಂದದ್ದನ್ನ ಬರೆದೆ, ಇನ್ಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ? ಮನೇಲಿ ಇನ್ನೂ ಹೇಳಿಲ್ಲ..."

ವಾಚು ಮೂರು ನಿಮಿಷಕ್ಕೆ ಕೀಕ್ ಕೀಕ್ ಎಂದಿತು. ಅವನಿಗೆ ಕೇಳಿಸಲಿಲ್ಲ. ಮೈಕಮ್ಮ ಹತ್ತಿರ ಹೋಗಿ, ಬೆಂಚಿನ ಮೇಲಿದ್ದ ವಾಚಿನ ಬಾಯಿ ಮುಚ್ಚಿಸಿದಳು. ಅವನು ಮತ್ತೆ ಎಂಟು ನಿಮಿಷ ಮಾತಾಡಿದ. ಟೈಲರನ ಮಂಡಿಗೂ ನಡುನಡುವೆ ಹೋಗಿ ಬಂದ.

ಕಣ್ಣು ಬಿಟ್ಟಾಗ ಇಡೀ ಸಭೆ ಅವನನ್ನೇ ನೋಡುತ್ತಿತ್ತು. ಹೆಂಗಸರ ಬೆಂಚಿನಿಂದ ಅವನ ಹೆಂಡತಿ ಎದ್ದು ನಿಂತಳು.

"ಅಂತೂ ಬಾಯಿ ಬಿಟ್ರಲ್ಲಾ ಮಹಾರಾಯರೇ! ಹದಿನೇಳನೇ ಚೀಟಿ ಹಾಕಿ ನಾನು ನಾಲ್ಕು ವಾರದಿಂದ ಕಾಯ್ತಾ ಇದೀನಿ."

ಟೈಮ್‌ಕೀಪರ್ ಒಮ್ಮೆ ಹೆಂಡತಿಯನ್ನು, ಒಮ್ಮೆ ಮೈಕಮ್ಮನನ್ನು ನೋಡಿದ. ನಾಲ್ಕು ವಾರ ವಾಚು ಹಿಡಿದು ಅಳೆದದ್ದು ತನಗಾಗಿ ಆದ ಪ್ರಾರ್ಥನೆಯನ್ನೇ ಎಂಬುದು ಅವನ ತಲೆಗೆ ಇಳಿಯಲು ಆರು ಸೆಕೆಂಡು ಹಿಡಿಯಿತು. ಯಾರೋ ಹಿಂದಿನಿಂದ "ನಮ್ಮ ಮೊರೆ ಕೇಳು ಕರ್ತನೇ" ಎಂದರು. ಸಭೆಯೆಲ್ಲ ಅದನ್ನೇ ಹೇಳಿತು. ಕೆಲವರು ನಗುತ್ತಲೇ ಹೇಳಿದರು.

ಪಕ್ಕದ ಕೋಣೆಯಲ್ಲಿ ಅಯ್ಯನವರು ಕೇಳಿದರು, "ಅಂದ ಹಾಗೆ, ಒಟ್ಟು ಟೈಮ್ ಎಷ್ಟಾಯ್ತು?"

"ಸಭೆಯದ್ದು ಎರಡು ಐವತ್ತು," ಎಂದಳು ಮೈಕಮ್ಮ. "ಸೆಕ್ರೆಟರಿಯವರದ್ದು ನಾನು ನೋಡ್ಲಿಲ್ಲ."

ಮೈಕು ಯಾರಿಗೆ ಎಂದು ಆಮೇಲೆ ಯಾರೂ ಕೇಳಲಿಲ್ಲ. ಹೊರಡುವಾಗ ಟೈಮ್‌ಕೀಪರ್ ಹಾಳೆಯ ಕಟ್ಟನ್ನು ಮೈಕಮ್ಮನ ಗಂಡನ ಕೈಗಿಟ್ಟ. "ಹಿಂದುಗಡೆ ಖಾಲಿ ಇದೆ ಅಣ್ಣಾ. ಕತ್ತರಿಸಿದ್ರೆ ಎಂಟುನೂರು ಚೀಟಿ ಆಗುತ್ತೆ." ಆಮೇಲೆ ಮೈಕಮ್ಮನ ಕಡೆ ತಿರುಗಿ, ದನಿ ತಗ್ಗಿಸಿದ. "ಆ ಹದಿನೇಳು... ಈಗ ನಾನು ಬಾಯಿ ಬಿಟ್ಟಾಯ್ತಲ್ಲಾ, ತೆಗೀತೀರಾ?"

"ತೆಗೀಲಾ?"

ಅವನು ಬಾಗಿಲ ಬಳಿಯ ಡಬ್ಬಿಯನ್ನು ನೋಡಿದ. ಕೈಯಲ್ಲಿದ್ದ ವಾಚನ್ನು ಜೇಬಿಗೆ ಹಾಕಿಕೊಂಡ.

"ಬೇಡ ಅಕ್ಕಾ," ಎಂದ. "ಇರ್ಲಿ ಬಿಡಿ. ಹೆಸರು ಸೇರಿಸ್ಬಿಡಿ."